ಬಣ್ಣ ಹಚ್ಚಿದವರೆಲ್ಲ ವೇಷಧಾರಿಗಳೇ?

ಪ್ರಶ್ನೆ: ನಮ್ಮೂರ ಉತ್ಸವದ ಕರಪತ್ರದಲ್ಲಿ ಯಕ್ಷಗಾನದವರು, ಹುಲಿವೇಷದವರು, ವೀರಗಾಸೆಯವರು, ಗೊರವರು ಎಲ್ಲರನ್ನೂ ಸೇರಿಸಿ ‘ವೇಷಧಾರಿಗಳು’ ಎಂದು ಅಚ್ಚು ಹಾಕಿಸಿದ್ದೆವು. ಊರಿನ ಹಿರಿಯರೊಬ್ಬರು ಇದು ಸರಿಯಲ್ಲ ಎಂದರು. ‘ವೇಷಧಾರಿ’ ಎನ್ನುವುದು ಅವಮಾನದ ಮಾತೇ? ಹಾಗಾದರೆ ಏನೆಂದು ಬರೆಯಬೇಕು? ‘ಸ್ತ್ರೀವೇಷಧಾರಿ’ ಎಂದರೆ ಮಹಿಳಾ ಕಲಾವಿದೆ ಎಂದೇ ಅರ್ಥವೇ?

ಉತ್ತರ: ಕರಪತ್ರ ಅಚ್ಚಾದ ಮೇಲೂ ಇದನ್ನು ಬಿಡದೆ ವಿಚಾರಿಸಿದ್ದೀರಿ, ಸಂತೋಷ. ನಿಮ್ಮ ಹಿರಿಯರ ಆಕ್ಷೇಪಕ್ಕೆ ಕಾರಣವಿದೆ. ಆದರೆ ‘ವೇಷಧಾರಿ’ ಅವಮಾನದ ಮಾತಲ್ಲ.

ಗೊಂದಲ ಹುಟ್ಟುವುದು ನಮ್ಮ ದಿನಬಳಕೆಯಿಂದ. ‘ವೇಷ ಹಾಕುತ್ತಾನೆ’ ಎಂದರೆ ನಟಿಸುತ್ತಾನೆ, ಮೋಸ ಮಾಡುತ್ತಾನೆ ಎಂಬ ಧ್ವನಿ ಬರುತ್ತದೆ. ಯಕ್ಷಗಾನದವರ ಬಾಯಲ್ಲಿ ಅದೇ ಮಾತಿಗೆ ಪೂರ್ಣ ಗೌರವವಿದೆ. ಅಲ್ಲಿ ಮೇಳವೆಂದರೆ ಎರಡು ಭಾಗ. ಭಾಗವತರು, ಮದ್ದಳೆ ಮತ್ತು ಚಂಡೆಯವರು ಸೇರಿ ಹಿಮ್ಮೇಳ. ಕುಣಿದು ಮಾತನಾಡುವವರು ಮುಮ್ಮೇಳ. ಮುಮ್ಮೇಳದವರೇ ವೇಷಧಾರಿಗಳು. ‘ಇವತ್ತು ಕರ್ಣನ ವೇಷ ಯಾರದ್ದು?’ ಎಂದು ಪ್ರೇಕ್ಷಕರು ಕೇಳುವಾಗ ಅವರಿಗೆ ಬೇಕಾದದ್ದು ಉಡುಪಿನ ವಿಚಾರವಲ್ಲ. ಕುಣಿತ, ಮಾತು, ಭಾವ ಎಲ್ಲವೂ ಸೇರಿದ ಪಾತ್ರ. ರಾಕ್ಷಸ ಪಾತ್ರಗಳಿಗೆ ಬಣ್ಣದ ವೇಷ ಎನ್ನುತ್ತಾರೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಅಭಿಮನ್ಯು, ಬಭ್ರುವಾಹನರಂಥ ಚುರುಕಿನ ತರುಣರದು ಪುಂಡುವೇಷ. ಬಣ್ಣದ ವೇಷದಲ್ಲಿ ಹೆಸರಾದ ಮಾಲಿಂಗ ಎಂಬ ಕಲಾವಿದರನ್ನು ಜನ ‘ಬಣ್ಣದ ಮಾಲಿಂಗ’ ಎಂದೇ ಕರೆದರು. ಬಿರುದು ಕೊಟ್ಟಷ್ಟೇ ಗೌರವ ಅದರಲ್ಲಿತ್ತು.

ಅದೇ ಕಲಾವಿದರು ತಾಳಮದ್ದಳೆಗೆ ಹೋದರೆ ಹೆಸರು ಬದಲಾಗುತ್ತದೆ. ಅಲ್ಲಿ ಬಣ್ಣವಿಲ್ಲ, ಗೆಜ್ಜೆಯಿಲ್ಲ. ಪ್ರಸಂಗ ಅದೇ, ಭಾಗವತರ ಹಾಡೂ ಅದೇ. ಕುಳಿತು ಅರ್ಥ ಹೇಳುತ್ತಾರೆ, ಆದ್ದರಿಂದ ಅರ್ಥಧಾರಿ. ಶೇಣಿ ಗೋಪಾಲಕೃಷ್ಣ ಭಟ್ಟರು ಎರಡೂ ಕಡೆ ಹೆಸರು ಮಾಡಿದವರು. ಹಾಗಾಗಿ ನಾನು ಹೇಳುವ ಸುಲಭದ ದಾರಿ ಇದು: ಆ ಜನ ತಾವು ಏನು ‘ಮಾಡುತ್ತೇವೆ’ ಎನ್ನುತ್ತಾರೆ ಎಂಬುದನ್ನು ಮೊದಲು ಕೇಳಿಸಿಕೊಳ್ಳಿ, ಅವರ ಹೆಸರು ಅಲ್ಲೇ ಸಿಗುತ್ತದೆ.

ಈಗ ನಿಮ್ಮ ಕರಪತ್ರಕ್ಕೆ ಬರೋಣ. ಗೊರವರು ಮೈಲಾರಲಿಂಗನ ಹೆಸರಿನಲ್ಲಿ ದೀಕ್ಷೆ ಪಡೆದವರು. ಕರಿಯ ಕಂಬಳಿಯ ಅಂಗಿ, ಕರಡಿಕೂದಲ ಟೋಪಿ, ಕೈಯ ಡಮರುಗ, ಭಂಡಾರದ ಚೀಲ ಇವೆಲ್ಲ ಆ ದೀಕ್ಷೆಯ ಗುರುತುಗಳು. ಗೊರವಯ್ಯ ಬೇರೆ ಯಾರದೋ ಪಾತ್ರ ಮಾಡುತ್ತಿಲ್ಲ, ಅವರು ಗೊರವಯ್ಯನೇ. ವೀರಗಾಸೆಯವರ ಕಾವಿ, ಕತ್ತಿ, ಅವರು ಹೇಳುವ ಒಡಪು ವೀರಭದ್ರನ ಸೇವೆಗೆ ಸೇರಿದವು. ಉತ್ತರ ಕರ್ನಾಟಕದ ಕಡೆ ಇವರನ್ನು ಪುರವಂತರು ಎನ್ನುತ್ತಾರೆ. ಇಂಥವರನ್ನು ವೇಷಧಾರಿ ಎಂದರೆ ಅವರ ಭಕ್ತಿಯನ್ನೇ ನಟನೆ ಎಂದ ಹಾಗಾಗುತ್ತದೆ. ನಿಮ್ಮ ಹಿರಿಯರ ಮನಸ್ಸಿಗೆ ನಾಟಿದ್ದು ಇದೇ ಇರಬೇಕು.

ತುಳುನಾಡಿನ ದೈವಾರಾಧನೆಯಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿಯೂ ಮುಖಕ್ಕೆ ಅರದಾಳದ ಹಳದಿಬಣ್ಣ, ಬೆನ್ನಿಗೆ ಅಣಿ, ಕಾಲಿಗೆ ಗಗ್ಗರ ಉಂಟು. ಹೊರಗಿನಿಂದ ಬಂದವರಿಗೆ ಯಕ್ಷಗಾನದ ನೆನಪಾಗಬಹುದು. ಆದರೆ ಪಂಬದ, ಪರವ, ನಲಿಕೆ ಸಮುದಾಯದವರು ‘ಭೂತ ಕಟ್ಟುವುದು’ ಆರಾಧನೆಗೆ, ಪ್ರದರ್ಶನಕ್ಕಲ್ಲ. ಅವರನ್ನು ದೈವನರ್ತಕರು ಎನ್ನಿ. ‘ಪಾತ್ರಿ’ ಎಂಬ ಮಾತನ್ನು ಕೇಳಿದವರು ನಾಟಕದ ಪಾತ್ರಧಾರಿ ಎಂದುಕೊಳ್ಳುವುದುಂಟು. ಅದು ದರ್ಶನ, ಅಂದರೆ ದೈವದ ಆವೇಶ, ಬರುವ ವ್ಯಕ್ತಿಗೆ ಇರುವ ಹೆಸರು. 2022ರಲ್ಲಿ ‘ಕಾಂತಾರ’ ಚಿತ್ರ ಬಂದ ಮೇಲೆ ಸಮಾರಂಭಗಳಲ್ಲಿ ಆ ಉಡುಪು ತೊಟ್ಟು ಕುಣಿಯುವುದು ಹೆಚ್ಚಾಯಿತು. ದೈವ ನಂಬುವವರು ಅದನ್ನು ವಿರೋಧಿಸಿದರು. ಅವರ ವಿರೋಧ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಹುಲಿವೇಷದ ವಿಷಯದಲ್ಲಿ ನೀವು ನಿಶ್ಚಿಂತರಾಗಿರಬಹುದು. ಹರಕೆ ಹೊತ್ತು ಹಾಕುವವರಿದ್ದರೂ ಅವರೇ ಅದನ್ನು ‘ವೇಷ ಹಾಕುವುದು’ ಎನ್ನುತ್ತಾರೆ. ಹಗಲುವೇಷಗಾರರಂತೂ ವೇಷವನ್ನೇ ಕಸುಬಾಗಿ ಉಳ್ಳವರು. ಅವರಿಗೆ ರಂಗಸ್ಥಳವಿಲ್ಲ, ದೀಪದ ಬೆಳಕಿನ ಆಸರೆಯಿಲ್ಲ. ಹಾಡುಹಗಲಿನಲ್ಲಿ, ಮನೆಯ ಜಗುಲಿಯ ಮುಂದೆ, ನೋಡುವವರು ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ರಾಮನೋ ರಾವಣನೋ ಆಗಿ ನಿಲ್ಲಬೇಕು. ಬಣ್ಣಗಾರಿಕೆಯಲ್ಲಿ ಇಷ್ಟು ಕಠಿಣ ಪರೀಕ್ಷೆ ಬೇರೆ ಯಾರಿಗೂ ಇಲ್ಲ.

ನಗಿಸುವವರ ಬಗ್ಗೆಯೂ ಒಂದು ಮಾತು, ಮುಂದಿನ ಕರಪತ್ರಕ್ಕೆ ಬೇಕಾದೀತು. ಸಂಸ್ಕೃತ ನಾಟಕದಲ್ಲಿ ವಿದೂಷಕ, ದೊಡ್ಡಾಟದಲ್ಲಿ ಸಾರಥಿ, ಯಕ್ಷಗಾನದಲ್ಲಿ ಹಾಸ್ಯಗಾರ. ಒಂದೇ ರಾತ್ರಿಯಲ್ಲಿ ದೂತ, ಬ್ರಾಹ್ಮಣ, ಮುದುಕಿ ಎಲ್ಲ ಆಗಬೇಕಾದ್ದರಿಂದ ಹಾಸ್ಯಗಾರರಿಗೆ ಪಳಗಿದ ಅನುಭವ ಬೇಕು. ‘ಕೋಡಂಗಿ’ ಎಂದು ಮಾತ್ರ ಅವರನ್ನು ಕರೆಯಬೇಡಿ. ಮಾತಿನಲ್ಲಿ ಅದು ಬೈಗುಳ. ಯಕ್ಷಗಾನದಲ್ಲಾದರೆ ಅದು ಪೂರ್ವರಂಗಕ್ಕೆ ಮೊದಲು ಕುಣಿಯಲು ಬರುವ ಎಳೆಯ ಕಲಿಕೆಯವರ ವೇಷ.

ಇನ್ನು ‘ಸ್ತ್ರೀವೇಷಧಾರಿ’. ಈ ಹೆಸರು ಪಾತ್ರವನ್ನು ಹೇಳುತ್ತದೆ, ಪಾತ್ರ ಮಾಡುವವರು ಗಂಡೋ ಹೆಣ್ಣೋ ಎಂಬುದನ್ನಲ್ಲ. ಪರಂಪರೆಯಲ್ಲಿ ದ್ರೌಪದಿ, ದಮಯಂತಿಯರ ವೇಷ ಮಾಡಿದವರು ಗಂಡಸರು. ಮಂಟಪ ಪ್ರಭಾಕರ ಉಪಾಧ್ಯರು ಸ್ತ್ರೀವೇಷವೊಂದರಿಂದಲೇ ಇಡೀ ಏಕವ್ಯಕ್ತಿ ಪ್ರದರ್ಶನಗಳನ್ನು ನಡೆಸಿದ್ದಾರೆ. ಇಂದು ಮಹಿಳಾ ತಂಡಗಳೂ ಇವೆ; ಅಲ್ಲಿ ಭೀಮನೂ ಮಹಿಷಾಸುರನೂ ಹೆಣ್ಣುಮಕ್ಕಳೇ. ಅವರನ್ನು ವೇಷಧಾರಿ ಎಂದರೆ ಸಾಕು.

ಮುಂದಿನ ಸಲ ಕರಪತ್ರದಲ್ಲಿ ಯಕ್ಷಗಾನ ಮತ್ತು ಹುಲಿವೇಷದವರಿಗೆ ‘ವೇಷಧಾರಿಗಳು’ ಎಂದೇ ಉಳಿಸಿ. ವೀರಗಾಸೆಯವರನ್ನೂ ಗೊರವರನ್ನೂ ಆಯಾ ಹೆಸರಿನಿಂದಲೇ ಬರೆಯಿರಿ. ಜಾಗ ಸಾಲದೆ ಎಲ್ಲರನ್ನೂ ಒಂದೇ ಸಾಲಿಗೆ ತರಲೇಬೇಕಾದರೆ ‘ಜನಪದ ಕಲಾವಿದರು’ ಎಂದು ಬರೆಯಬಹುದು. ಅಚ್ಚಿಗೆ ಕೊಡುವ ಮೊದಲು ಗೊರವಯ್ಯನವರನ್ನು ಒಂದು ಮಾತು ಕೇಳಿಬಿಡಿ.