12 ಲಕ್ಷಕ್ಕೆ ತೆರಿಗೆ ಇಲ್ಲ ಅಂದ್ರು. ಹೊಲ ಇದ್ದ ನೌಕರಸ್ಥರು ಒಮ್ಮೆ ಲೆಕ್ಕ ಹಾಕ್ರಿ

2025ರ ಫೆಬ್ರುವರಿ 1ರಂದು ನಿರ್ಮಲಾ ಸೀತಾರಾಮನ್ ಬಜೆಟ್ ಓದಿದ ಸಂಜೆ ನಮ್ಮ ರಬಕವಿ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು: 12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ. ಸುದ್ದಿ ಸುಳ್ಳಲ್ಲ. ಆದರೆ ಪಗಾರವೂ ಬರುತ್ತದೆ, ಕಬ್ಬಿನ ಬಿಲ್ಲೂ ಬರುತ್ತದೆ ಅನ್ನೋ ಮನೆಗಳಿಗೆ ಅದು ಅರ್ಧ ಸುದ್ದಿ.

ಬರೀ ಒಕ್ಕಲುತನ ಮಾಡೋರು ಚಿಂತಿ ಮಾಡಬೇಕಿಲ್ಲ. ಕಬ್ಬು, ಗೋವಿನಜೋಳದ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಅರಿಷಿಣ ಕುದಿಸಿ ಒಣಗಿಸಿ ಮಾರಿದರೂ ಅದು ಕೃಷಿ ಆದಾಯವೇ. ಹಾಲು, ಬಾಡಿಗೆಗೆ ಓಡಿಸುವ ಟ್ರ್ಯಾಕ್ಟರ್, ಮನೆಯ ಪಾವರ್‌ಲೂಮ್ ಮಾತ್ರ ಬೇರೆ. ಅವು ತೆರಿಗೆ ಲೆಕ್ಕಕ್ಕೆ ಬರ್ತಾವ. ಗಾಣ ಹಾಕಿ ಬೆಲ್ಲ ಮಾಡೋರದ್ದು ಎರಡರ ನಡುವಿನದು: ಕಬ್ಬಿನ ಪೇಟೆ ಬೆಲೆಯಷ್ಟು ಕೃಷಿ, ಅದರ ಮೇಲಿನ ಲಾಭ ವ್ಯಾಪಾರ.

ಈಗ ಒಳಗಿನ ಮಾತು. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ಸೊನ್ನೆ, ನಂತರದ ಪ್ರತಿ 4 ಲಕ್ಷಕ್ಕೆ ಶೇ. 5, 10, 15, 20, 25. 24 ಲಕ್ಷ ದಾಟಿದ್ದಕ್ಕೆ 30. ಹಂಗಂದ್ರ 12 ಲಕ್ಷಕ್ಕೆ 60,000 ರೂ. ತೆರಿಗೆ ಬೀಳಬೇಕು. ಅದನ್ನು ರಿಬೇಟ್ ಅಂತ ಬಿಟ್ಟುಬಿಡ್ತಾರೆ. ಈ ರಿಬೇಟ್ 60,000ಕ್ಕೇ ನಿಲ್ಲುತ್ತದೆ, ಇದನ್ನು ನೆನಪಿಡ್ರಿ.

ಕೃಷಿ ಆದಾಯ 5,000 ಮೀರಿ, ಉಳಿದ ಆದಾಯ 4 ಲಕ್ಷ ಮೀರಿದರೆ, ತೆರಿಗೆಯ ದರ ಗೊತ್ತುಮಾಡಲು ಎರಡನ್ನೂ ಕೂಡಿಸುತ್ತಾರೆ. ಮನೆಯಿಂದಲೇ ಕಂಪನಿ ಕೆಲಸ ಮಾಡುವ ಹುಡುಗ ಅಂದುಕೊಳ್ಳಿ. ಪಗಾರ 10.75 ಲಕ್ಷ, 75,000 ಕಳೆದರೆ 10 ಲಕ್ಷ. ಕಬ್ಬಿನಲ್ಲಿ ಉಳಿದದ್ದು 8 ಲಕ್ಷ. ಕೂಡಿಸಿದ 18 ಲಕ್ಷಕ್ಕೆ ತೆರಿಗೆ 1,60,000. ಕೃಷಿಯ 8 ಲಕ್ಷಕ್ಕೆ 4 ಲಕ್ಷ ಸೇರಿಸಿ, ಆ 12 ಲಕ್ಷದ ತೆರಿಗೆ 60,000 ಕಳೆಯಿರಿ. ಉಳಿದದ್ದು 1 ಲಕ್ಷ. ರಿಬೇಟ್ 60,000 ಹೋದರೆ 40,000, ಶೇ. 4 ಸೆಸ್ ಸೇರಿ 41,600 ರೂ. ಕಟ್ಟಬೇಕು. ಹೊಲ ಇಲ್ಲದ ಅವನ ಗೆಳೆಯ ಅಷ್ಟೇ ಪಗಾರಕ್ಕೆ ಒಂದು ಪೈಸೆ ಕಟ್ಟೋದಿಲ್ಲ! ನಾನೂ ನಂಬದೆ ಎರಡು ಸಲ ಕೂಡಿಸಿ ನೋಡಿದೆ.

ಅದಕ್ಕೇ ಖರ್ಚಿನ ಚೀಟಿ ಇಡ್ರಿ ಅನ್ನೋದು. ಲೆಕ್ಕಕ್ಕೆ ಹಿಡಿಯೋದು ಕಾರ್ಖಾನೆಯ ಪೂರ್ತಿ ಬಿಲ್ ಅಲ್ಲ. ಬೀಜ, ಗೊಬ್ಬರ, ಕಟಾವು ಕೂಲಿ ಕಳೆದು ಉಳಿದದ್ದು. ಗೊಬ್ಬರದಂಗಡಿ ಬಿಲ್ಲಿನ ಫೋಟೊ ಅಂದೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಮಸಿ ಬೇಗ ಅಳಿಸಿಹೋಗ್ತದ. ಉತಾರ ಅಪ್ಪನ ಹೆಸರಿನಲ್ಲಿದ್ದು, ಸಾಗುವಳಿ ಅವರದೇ, ಬಿಲ್ಲೂ ಅವರ ಖಾತೆಗೇ ಬರುತ್ತಿದ್ದರೆ ಆ ಆದಾಯ ಅವರದು. ನಿಮ್ಮ ಪಗಾರದ ಜೊತೆ ಸೇರಿಸಬೇಡಿ.

ರಿಟರ್ನ್ ತುಂಬುವಾಗ ಇನ್ನೊಂದು. ಕೃಷಿ ಆದಾಯ 5,000 ಮೀರಿದರೆ ಐಟಿಆರ್-1 ನಡೆಯೋದಿಲ್ಲ. ಪಗಾರದವರಿಗೆ ಐಟಿಆರ್-2, ಮಗ್ಗ ಅಥವಾ ವ್ಯಾಪಾರ ಇದ್ದವರಿಗೆ ಐಟಿಆರ್-3. ಕೃಷಿ ಆದಾಯ 5 ಲಕ್ಷ ದಾಟಿದವರಿಗೆ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಲಾವಣಿಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲಾ ಕೇಳುತ್ತದೆ. ಉತಾರ ಕೈಯಲ್ಲಿ ಇಟ್ಟುಕೊಂಡೇ ಕೂಡ್ರಿ.