ಡಿಕ್ಕಿ ತೆಗೆಯುವ ಮೊದಲು ರೂಮು ನೋಡು

ಹೊಸ ಕಾರಿನಲ್ಲಿ ದಸರಾ ರಜೆಗೆ ಹಂಪಿ, ಬಾದಾಮಿ, ಗೋಕರ್ಣ, ಜೋಗ ಅಂತ ದೊಡ್ಡ ಸುತ್ತು ಹಾಕಿಕೊಂಡಿದ್ದೀಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷ ಕಣಪ್ಪ. ಗಾಡಿ ಸರ್ವಿಸು, ಟೈರಿನ ಗಾಳಿ, ಫಾಸ್ಟ್ಯಾಗಿನ ದುಡ್ಡು, ಇವನ್ನೆಲ್ಲ ನಾನು ನಿನಗೆ ಹೇಳಿಕೊಡಬೇಕಾಗಿಲ್ಲ. ನಾನು ಹೇಳಬೇಕೆಂದಿರುವುದು ರಾತ್ರಿ ತಂಗುವ ರೂಮಿನ ವಿಷಯ. ಔಷಧಿ ಕಂಪನಿಯ ರೆಪ್ ಆಗಿ ಬಳ್ಳಾರಿಯಿಂದ ಕಾರವಾರದ ತನಕ ಬ್ಯಾಗು ಹಿಡಿದು ಅಲೆದವನು ನಾನು. ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜುಗಳ ರಗ್ಗಿನ ವಾಸನೆಯಲ್ಲೇ ಅರ್ಧ ಆಯುಸ್ಸು ಕಳೆಯಿತು. ಆದ್ದರಿಂದ ಈ ಒಂದು ವಿಷಯದಲ್ಲಿ ನಿಮ್ಮ ಮಾವನ ಮಾತಿಗೆ ಸ್ವಲ್ಪ ಬೆಲೆ ಕೊಡಬಹುದು.

ಮೊದಲು ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೋ. ಕಾರಿನಲ್ಲಿ ಹೋಗುವವರು ರೂಮಿಗೆ ದುಡ್ಡು ಕೊಡುವುದು ನಿದ್ದೆಗೆ, ಅದರಲ್ಲೂ ಸ್ಟೇರಿಂಗ್ ಹಿಡಿಯುವವನ ನಿದ್ದೆಗೆ. ಹಾಗಾಗಿ ರೂಮಿನಲ್ಲಿ ಏನೇ ಕೊರತೆ ಕಂಡರೂ ಎರಡು ಪ್ರಶ್ನೆ ಕೇಳಿಕೋ: ಇದರಿಂದ ಜೀವಕ್ಕೆ, ಆರೋಗ್ಯಕ್ಕೆ ತೊಂದರೆಯೇ? ಇದರಿಂದ ನಿದ್ದೆ ಕೆಡುತ್ತದೆಯೇ? ಎರಡಕ್ಕೂ ಇಲ್ಲ ಅನ್ನಿಸಿದರೆ ಸುಮ್ಮನಿದ್ದುಬಿಡು. ಗೋಡೆಯ ಬಣ್ಣ ಉದುರಿದ್ದು, ಟಿವಿ ರಿಮೋಟಿನ ಬೆನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದು, ಟ್ಯೂಬ್‌ಲೈಟಿನ ಹಿಂದೆ ಹಲ್ಲಿ ಇಣುಕಿದ್ದು, ಮಂಚದ ತಲೆಯ ಕಡೆ ಸ್ವಿಟ್ಜರ್ಲೆಂಡಿನ ಹಿಮದ ಪೋಸ್ಟರು ಅಂಟಿಸಿದ್ದು, ಇವುಗಳಿಗೆಲ್ಲ ಕೌಂಟರಿನ ತನಕ ಇಳಿದು ಹೋಗಿ ರಕ್ತದೊತ್ತಡ ಏರಿಸಿಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರೇ ಬಾಗಿಲಿನ ಚಿಲಕ ಕೂರುವುದಿಲ್ಲ ಅನ್ನುವುದನ್ನು ಗಮನಿಸಿರುವುದಿಲ್ಲ.

ಈಗ ಎಲ್ಲರೂ ಫೋಟೋ ನೋಡಿ ಬುಕ್ ಮಾಡುತ್ತಾರೆ. ಆ್ಯಪ್‌ನಲ್ಲಿ ಕಾಣುವುದು ಕಟ್ಟಡ ಹೊಸದಾಗಿದ್ದಾಗ ಮೂಲೆಯಲ್ಲಿ ನಿಂತು ತೆಗೆದ ಒಳ್ಳೆಯ ರೂಮಿನ ಚಿತ್ರ. ನಿನಗೆ ಸಿಗುವುದು ಜನರೇಟರಿನ ನೆತ್ತಿಯ ಮೇಲಿನದೂ ಆಗಿರಬಹುದು. ಹಾಗಾಗಿ ಸಾಧ್ಯವಿರುವ ಕಡೆಯೆಲ್ಲ ಹೋಟೆಲಿಗೆ ಹೋದ ಮೇಲೆ ದುಡ್ಡು ಕೊಡುವ ಬುಕಿಂಗನ್ನೇ ಆರಿಸು. ಚಿಲ್ಲರೆ ರಿಯಾಯಿತಿಯ ಆಸೆಗೆ ಪೂರ್ತಿ ಹಣ ಮೊದಲೇ ಕಟ್ಟಿಬಿಟ್ಟರೆ ಆಮೇಲೆ ಬಾಯಿ ಸತ್ತಂತೆಯೇ. ಹೊರಟ ದಿನ ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ನೇರವಾಗಿ ಹೋಟೆಲಿಗೇ ಫೋನು ಮಾಡಿ ವಿಚಾರಿಸು. ಕೆಳಗೆ ಬಾರ್ ಇದೆಯಾ, ಪಕ್ಕದಲ್ಲಿ ಪಾರ್ಟಿ ಹಾಲ್ ಇದೆಯಾ, ಇವತ್ತು ಅಲ್ಲಿ ಕಾರ್ಯಕ್ರಮ ಇದೆಯಾ, ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಬಿಡುತ್ತೀರಿ, ಚೆಕ್ ಔಟ್ 24 ಗಂಟೆಯೋ ಹನ್ನೆರಡು ಗಂಟೆಗೋ. ರಸ್ತೆಯ ಕಡೆಯದು ಬೇಡ, ಲಿಫ್ಟಿನ ಪಕ್ಕದ್ದು ಬೇಡ, ಹಿಂದುಗಡೆಯ ರೂಮು ಕೊಡಿ ಅಂತ ಆಗಲೇ ಹೇಳಿಬಿಡು. ಮಲೆನಾಡಿನ ಕಡೆ ನೆಲಮಹಡಿ ಒಪ್ಪಿಕೊಳ್ಳಬೇಡ. ಮಳೆಗಾಲ ಮುಗಿದು ತಿಂಗಳಾದರೂ ಅಲ್ಲಿ ಹಾಸಿಗೆಯಿಂದ ಮುಗ್ಗಲು ವಾಸನೆ ಹೋಗಿರುವುದಿಲ್ಲ.

ಇನ್ನೊಂದು, ಬೆಳಕಿರುವಾಗಲೇ ಊರು ಸೇರಬೇಕು. ಬೆಂಗಳೂರಿನಿಂದ ಹೊಸಪೇಟೆ ಸುಮಾರು 340 ಕಿಲೋಮೀಟರ್. ಬೆಳಗ್ಗೆ ಆರಕ್ಕೆ ಬಿಟ್ಟರೆ ಚಿತ್ರದುರ್ಗದಲ್ಲಿ ಕೋಟೆಯ ಕಡೆ ಒಂದು ಕಣ್ಣು ಹಾಯಿಸಿಯೂ ಸಂಜೆಯೊಳಗೆ ತಲುಪಬಹುದು. ಸಂಜೆ ಐದಕ್ಕೆ ರೂಮು ಸರಿಯಿಲ್ಲ ಅಂತ ಕಂಡರೆ ನಿನ್ನ ಕೈಯಲ್ಲಿ ಹತ್ತು ದಾರಿ ಇರುತ್ತದೆ. ಕಮಲಾಪುರದಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಭುವನೇಶ್ವರಿ ಇದೆ, ಹೊಸಪೇಟೆ ತುಂಬಿದ್ದರೆ ಕೊಪ್ಪಳಕ್ಕೋ ಗಂಗಾವತಿಗೋ ಹೋಗಬಹುದು. ರಾತ್ರಿ ಹತ್ತಕ್ಕೆ, ಹೆಗಲ ಮೇಲೆ ಮಗು ನಿದ್ದೆ ಹೋಗಿರುವಾಗ, ಈ ಗಿರಾಕಿ ಎಲ್ಲಿಗೂ ಹೋಗುವುದಿಲ್ಲ ಅಂತ ಮ್ಯಾನೇಜರಿಗೆ ನಿನ್ನ ಮುಖ ನೋಡಿದರೇ ಗೊತ್ತಾಗುತ್ತದೆ.

ತಲುಪಿದ ಮೇಲೆ ಡಿಕ್ಕಿ ತೆಗೆಯಬೇಡ. ನಿಮ್ಮಮ್ಮ, ಪುಟ್ಟಿ ಕಾರಿನಲ್ಲೇ ಕೂತಿರಲಿ. ನೀನೂ ನಿನ್ನ ಹೆಂಡತಿಯೂ ಮೇಲೆ ಹೋಗಿ ರೂಮು ನೋಡಿ. ನೀನೊಬ್ಬನೇ ಹೋದರೆ ಪಾರ್ಕಿಂಗು, ಏಸಿ ನೋಡಿಕೊಂಡು ಬರುತ್ತೀಯ, ಬಚ್ಚಲುಮನೆ ಅವಳ ಕಣ್ಣಿಗೇ ಬೀಳಬೇಕು. ರಿಜಿಸ್ಟರಿಗೆ ಸಹಿ ಹಾಕುವುದು, ಅಡ್ವಾನ್ಸ್ ಕೊಡುವುದು ಎಲ್ಲ ಆಮೇಲೆ. ‘ರೂಮು ನೋಡಿಬಿಟ್ಟು ಬರೆಯುತ್ತೇವೆ’ ಅಂದರೆ ಮರ್ಯಾದಸ್ಥ ಲಾಡ್ಜಿನವರು ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬೀಗದ ಕೈ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು.

ಒಳಗೆ ಹೋದ ಕೂಡಲೇ ಮೂಗಿಗೆ ಕೆಲಸ ಕೊಡು. ರೂಮ್ ಬಾಯ್ ನಮ್ಮ ಮುಂದೆ ಓಡಿ ಹೋಗಿ ರೂಮ್ ಫ್ರೆಶ್ನರ್ ಹೊಡೆದಿದ್ದಾನೆ ಅಂದರೆ ಏನನ್ನೋ ಮುಚ್ಚುತ್ತಿದ್ದಾನೆ ಅಂತ ಅರ್ಥ. ಕಿಟಕಿ ತೆರೆಸಿ ಎರಡು ನಿಮಿಷ ನಿಲ್ಲು. ಆಮೇಲೆ ಹಾಸಿಗೆಗೆ ಬಾ. ಮೇಲಿನ ಬೆಡ್‌ಶೀಟ್ ಬೆಳ್ಳಗಿದೆ ಅಂತ ಸಮಾಧಾನಪಡಬೇಡ. ಗೋಡೆಯ ಕಡೆಯ ಮೂಲೆಯಲ್ಲಿ ಶೀಟನ್ನು ಎತ್ತಿ, ಫೋನಿನ ಟಾರ್ಚ್ ಹಾಕಿ ಹಾಸಿಗೆಯ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ ನೋಡು. ಇಂಕಿನ ಪೆನ್ನು ಊರಿದ ಹಾಗೆ ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ, ಅಲ್ಲಲ್ಲಿ ಒಣಗಿದ ಕಂದು ಕಲೆ ಇದ್ದರೆ, ಅದು ತಿಗಣೆಯ ಸಂಸಾರ. ಬೆಳೆದ ತಿಗಣೆ ಅರ್ಧ ಸೆಂಟಿಮೀಟರ್ ಇರುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೆ ಹಗಲು ಹೊರಗೆ ಬರುವುದಿಲ್ಲ. ಮಂಚದ ತಲೆಹಲಗೆ ಗೋಡೆಗೆ ತಗುಲುವ ಸಂದು, ಹಲಗೆಯ ಸ್ಕ್ರೂ ತೂತು, ಇವೇ ಅದರ ಮನೆ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುವ ಜೀವ ಅದು, ‘ಈ ರೂಮು ಬಹಳ ದಿನದಿಂದ ಖಾಲಿ ಇತ್ತು ಸಾರ್’ ಅನ್ನುವ ಮಾತಿಗೆ ಬೆಲೆಯಿಲ್ಲ. ಒಂದು ಚುಕ್ಕೆ ಕಂಡರೂ ಆ ರೂಮು ಬೇಡ, ಅದರ ಅಕ್ಕಪಕ್ಕದ ರೂಮೂ ಬೇಡ. ಬೇರೆ ಮಹಡಿ ಕೇಳು.

ಹಾಗಂತ ತಿಗಣೆಯೇ ದೊಡ್ಡ ಶತ್ರು ಅಂತ ತಿಳಿಯಬೇಡ. ಅದು ಕಚ್ಚಿದರೆ ತುರಿಕೆ, ಅಸಹ್ಯ, ನಿದ್ದೆಗೇಡು. ರೋಗ ತರುವುದು ಸೊಳ್ಳೆ. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತಲೇ ಅಧಿಸೂಚನೆ ಹೊರಡಿಸಿತ್ತು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನಿಂತ ತಿಳಿನೀರಿನಲ್ಲಿ, ಕಚ್ಚುವುದು ಹಗಲಲ್ಲಿ. ಬಚ್ಚಲಿನ ಬಕೆಟ್ಟಿನಲ್ಲಿ ಯಾವ ಕಾಲದ ನೀರೋ ನಿಂತಿದ್ದರೆ ಚೆಲ್ಲಿಸು. ಕಿಟಕಿಯ ಮೆಶ್ ಹರಿದಿದೆಯಾ ನೋಡು. ಪುಟ್ಟಿಗೆ ಹಗಲಿನಲ್ಲೂ ಓಡೋಮಸ್ ಹಚ್ಚು.

ಇವೆರಡಕ್ಕಿಂತ ನನಗೆ ಹೆದರಿಕೆ ಇರುವುದು ಗ್ಯಾಸ್ ಗೀಸರಿಗೆ. ಹಳೆಯ ಲಾಡ್ಜುಗಳಲ್ಲಿ, ಕೆಲವು ಹೋಂಸ್ಟೇಗಳಲ್ಲಿ ಅದನ್ನು ಬಚ್ಚಲಿನ ಒಳಗೇ ಕೂರಿಸಿರುತ್ತಾರೆ. ಗಾಳಿ ಆಡದ ಕಡೆ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಅನ್ನುವಷ್ಟರಲ್ಲಿ ಮನುಷ್ಯ ಕುಸಿದು ಬಿದ್ದಿರುತ್ತಾನೆ, ಬಾಗಿಲಿಗೆ ಒಳಗಿನಿಂದ ಚಿಲಕ. ಬಚ್ಚಲಿನಲ್ಲಿ ಸಿಲಿಂಡರಿನ ಪೈಪು ಕಂಡರೆ ನೀನು ಹೇಳಬೇಕಾದ್ದು ಒಂದೇ ಮಾತು: ‘ಬಕೆಟ್ಟಿನಲ್ಲಿ ಬಿಸಿನೀರು ಕಳಿಸಿಕೊಡಿ’. ಕರೆಂಟಿನ ಗೀಸರ್ ಆದರೆ ನೀರು ಕಾದ ಮೇಲೆ ಸ್ವಿಚ್ ಆರಿಸಿಯೇ ಸ್ನಾನಕ್ಕೆ ಹೋಗಿ. ಕುಶಾಲನಗರ, ಮಡಿಕೇರಿ ಕಡೆ ಚಳಿಗೆ ರೂಮಿನೊಳಗೆ ಕೆಂಡ ತಂದಿಡುತ್ತೇವೆ ಅಂದರೂ ಇದೇ ಕಾರಣಕ್ಕೆ ಬೇಡ ಅನ್ನು.

ಮೆಟ್ಟಿಲು ಎಲ್ಲಿದೆ ಅಂತ ಒಮ್ಮೆ ನಡೆದು ನೋಡಿ ಬಾ. 2019ರ ಫೆಬ್ರವರಿಯಲ್ಲಿ ದೆಹಲಿಯ ಕರೋಲ್ ಬಾಗ್‌ನ ಹೋಟೆಲೊಂದರಲ್ಲಿ ನಸುಕಿನಲ್ಲಿ ಬೆಂಕಿ ಬಿದ್ದು 17 ಜನ ಸತ್ತರು. ಹೊಗೆಯ ಕತ್ತಲಲ್ಲಿ ದಾರಿ ಹುಡುಕುವ ಹೊತ್ತು ಯಾರಿಗೂ ಇರುವುದಿಲ್ಲ. ಕಿಟಕಿಯೇ ಇಲ್ಲದ ರೂಮು ಎಷ್ಟೇ ಅಗ್ಗವಾದರೂ ತೆಗೆದುಕೊಳ್ಳಬೇಡ. ಬಾಗಿಲಿನ ಚಿಲಕ ಹಾಕಿ ತೆಗೆದು ನೋಡು. ಹೊರಗೆ ಹೋಗುವಾಗ ಹಾಕಲು ನಮ್ಮದೇ ಒಂದು ಬೀಗ ಇರಲಿ. ಮಂಚದ ಕಡೆಗೋ ಬಚ್ಚಲಿನ ಕಡೆಗೋ ಮುಖ ಮಾಡಿಕೊಂಡ, ಅಲ್ಲಿ ಇರಬೇಕಾಗಿಲ್ಲದ ಅಡಾಪ್ಟರು, ಗಡಿಯಾರ ಏನಾದರೂ ಗುಪ್ತ ಕ್ಯಾಮೆರಾದ ಅನುಮಾನ ತರಿಸಿದರೆ ಮುಟ್ಟದೆ ಫೋಟೋ ತೆಗೆದು 112ಕ್ಕೆ ಫೋನು ಮಾಡು. ಅಲ್ಲಿಂದ ಮುಂದೆ ಮ್ಯಾನೇಜರ ಜೊತೆ ಮಾತಾಡುವ ವಿಷಯ ಅದಲ್ಲ.

ಮಿಕ್ಕೆಲ್ಲಕ್ಕೂ ಮಾತೇ ಮದ್ದು. ಆದರೆ ಮಾತಾಡುವ ರೀತಿ ಇದೆ. ‘ಏನ್ರೀ ಇದು, ರೂಮೋ ದನದ ಕೊಟ್ಟಿಗೆಯೋ’ ಅಂತ ನಾಲ್ಕು ಜನರ ಮುಂದೆ ಶುರು ಮಾಡಿದರೆ ಅವನಿಗೂ ಹಟ ಹತ್ತುತ್ತದೆ. ಕೌಂಟರಿನ ಹತ್ತಿರ ಹೋಗು, ಬೇರೆ ಗಿರಾಕಿ ಇದ್ದರೆ ಮುಗಿಯಲಿ ಬಿಡು. ‘ಸಾರ್, 204ರಲ್ಲಿ ಬಾತ್‌ರೂಮಿನ ನೀರು ಹೊರಗೆ ಹೋಗುತ್ತಿಲ್ಲ, ಹಾಸಿಗೆ ಒದ್ದೆ ವಾಸನೆ ಬರುತ್ತಿದೆ, ವಯಸ್ಸಾದ ಅಮ್ಮ ಇದ್ದಾರೆ, ಬೇರೆ ರೂಮು ತೋರಿಸಿ’ ಅಂತ ಮೆಲ್ಲಗೆ, ಕೊರತೆಯನ್ನು ಹೆಸರಿಟ್ಟು ಹೇಳು. ಚೆನ್ನಾಗಿಲ್ಲ ಅನ್ನುವ ಮಾತಿಗೆ ಅವನ ಹತ್ತಿರ ಉತ್ತರ ಇರುತ್ತದೆ, ನೀರು ಹೊರಗೆ ಹೋಗುತ್ತಿಲ್ಲ ಅನ್ನುವುದಕ್ಕೆ ಇರುವುದಿಲ್ಲ. ಎಲ್ಲ ಫುಲ್ ಅಂದರೂ ಒಂದೆರಡು ರೂಮು ಕೈಯಲ್ಲಿ ಇಟ್ಟುಕೊಂಡಿರುವುದು ಲಾಡ್ಜಿನವರ ಅಭ್ಯಾಸ. ಅದು ಬಾಯಿಬಡಿದುಕೊಂಡವನಿಗಿಂತ ಕಾದು ನಿಂತವನಿಗೆ ಸಿಗುವುದೇ ಹೆಚ್ಚು. ಆ್ಯಪ್‌ನಲ್ಲಿ ಮೊದಲೇ ದುಡ್ಡು ಕಟ್ಟಿದ್ದರೆ ರಿಜಿಸ್ಟರಿಗೆ ಸಹಿ ಹಾಕುವ ಮುಂಚೆ, ಕೌಂಟರಿನ ಮುಂದೆಯೇ ನಿಂತು ಆ್ಯಪ್‌ನವರಿಗೆ ಫೋನು ಮಾಡು, ಫೋಟೋ ಕಳಿಸು.

ರೂಮ್ ಬಾಯ್‌ನ ಮೇಲೆ ಕೂಗಾಡುವುದನ್ನಂತೂ ನಾನು ಒಪ್ಪುವುದಿಲ್ಲ. ಒಗೆದ ಶೀಟು ಎಷ್ಟಿರಬೇಕು ಅಂತ ತೀರ್ಮಾನಿಸುವವನು ಅವನಲ್ಲ, ಆದರೆ ಇರುವುದರಲ್ಲಿ ಒಳ್ಳೆಯದು ಯಾವ ಕಪಾಟಿನಲ್ಲಿದೆ ಅಂತ ಗೊತ್ತಿರುವವನು ಅವನೊಬ್ಬನೇ. ಬಂದ ಕೂಡಲೇ ಹೆಸರು ಕೇಳು, ಐವತ್ತು ರೂಪಾಯಿ ಕೈಗಿಡು. ಹೋಗುವಾಗ ಕೊಡುವ ಟಿಪ್ಸಿನಿಂದ ನಿನಗೆ ಆಗುವ ಉಪಯೋಗವೇನು?

ಇಷ್ಟೆಲ್ಲ ಮಾಡಿಯೂ ಒಂದು ರಾತ್ರಿ ಕೆಟ್ಟ ರೂಮಿಗೇ ಸಿಕ್ಕಿಬಿದ್ದೆ ಅಂತಿಟ್ಟುಕೋ. ರಜೆಯ ಸಾಲಿನಲ್ಲಿ ಹಾಗಾಗುತ್ತದೆ. ಮನೆಯಿಂದ ಎರಡು ಹಳೆಯ ಬೆಡ್‌ಶೀಟು, ನಾಲ್ಕು ದಿಂಬಿನ ಕವರು, ಒಂದು ತೆಳು ಹೊದಿಕೆ ತಂದಿರು. ಲಾಡ್ಜಿನ ರಗ್ಗನ್ನು ಮಡಿಸಿ ಕುರ್ಚಿಯ ಮೇಲೆ ಹಾಕಿಬಿಡು. ಶೀಟು ದಿನಾ ಒಗೆದರೂ ರಗ್ಗನ್ನು ಯಾರೂ ದಿನಾ ಒಗೆಯುವುದಿಲ್ಲ. ಮಂಚವನ್ನು ಗೋಡೆಯಿಂದ ಒಂದು ಗೇಣು ಎಳೆ. ಬ್ಯಾಗುಗಳನ್ನು ಹಾಸಿಗೆಯ ಮೇಲೂ ನೆಲದ ಮೇಲೂ ಇಡದೆ ಟೇಬಲ್ಲಿನ ಮೇಲಿಡು, ಜಿಪ್ ಎಳೆದಿರಲಿ. ಊರಿಗೆ ಬಂದ ಮೇಲೆ ಆ ಬಟ್ಟೆಗಳನ್ನು ಒಳಗೆ ತರುವ ಮೊದಲು ಕುದಿಯುವ ನೀರಿಗೆ ಹಾಕಿಸು, ಬರೀ ಬಿಸಿಲನ್ನು ನಂಬಬೇಡ. ಮಲಗುವಾಗ ಜಾಗ ಹಂಚುವ ಮಾತು ಬಂದರೆ ಇದ್ದುದರಲ್ಲಿ ಒಳ್ಳೆಯ ಹಾಸಿಗೆ ನಿಮ್ಮಮ್ಮನಿಗೆ ಕೊಡಬೇಕು ಅಂತ ನಿನಗೆ ಅನ್ನಿಸುತ್ತದೆ. ನಮ್ಮಕ್ಕ ನನ್ನನ್ನು ಬೈದರೂ ಪರವಾಗಿಲ್ಲ, ಮಾರನೆಯ ದಿನ ಗಾಡಿ ಓಡಿಸುವವನು ನೀನಾದರೆ ಅದು ನಿನಗೇ. ಅವಳು ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆದುಕೊಂಡು ಬರಬಹುದು.

ಬೇಸರ ಬಂದು ರಾತ್ರಿ ಹನ್ನೊಂದಕ್ಕೆ ‘ನಡೀರಿ, ಮುಂದಿನ ಊರಿಗೆ ಹೋಗೋಣ’ ಅಂತ ಮಾತ್ರ ಹೊರಡಬೇಡ. ಸಿರಾ, ಹಿರಿಯೂರಿನ ನಡುವೆ ನಸುಕಿನಲ್ಲಿ ನಿಂತ ಲಾರಿಗೆ ಕಾರು ನುಗ್ಗಿದ ಸುದ್ದಿ ಪೇಪರಿನಲ್ಲಿ ನೀನೂ ಓದಿರುತ್ತೀಯ. ತಿಗಣೆ ಕಚ್ಚಿದ ರಾತ್ರಿ ಬೆಳಗ್ಗೆಗೆ ಮುಗಿಯುತ್ತದೆ. ಕಾರಿನ ಗಾಜು ಏರಿಸಿ, ಇಂಜಿನ್ ಓಡಿಸಿ, ಏಸಿ ಹಾಕಿಕೊಂಡು ಅಲ್ಲೇ ಮಲಗುವ ಉಪಾಯವೂ ಬೇಡ. ಗ್ಯಾಸ್ ಗೀಸರಿನ ಅಪಾಯವೇ ಅಲ್ಲೂ ಇದೆ.

ಬೆಳಗ್ಗೆ ಲೆಕ್ಕ ಮುಗಿಸುವಾಗ ಬಿಲ್ ಕೇಳಿ ತೆಗೆದುಕೋ, ಜಿಎಸ್‌ಟಿ ನಂಬರ್ ಇರುವ ಬಿಲ್. ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ. 5 ಮಾತ್ರ. ಹಳೆಯ ಶೇ. 12 ಹಾಕಿದ್ದರೆ ತೋರಿಸಿ ಕೇಳು. ರೂಮಿನ ಸ್ಥಿತಿಗೆ ಬಾಡಿಗೆಯಲ್ಲಿ ಏನಾದರೂ ಬಿಡಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ, ಫೋಟೋ ಇದ್ದರೆ ಬಹಳ ಸಲ ಬಿಡುತ್ತಾರೆ. ತೀರ ಅನ್ಯಾಯ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಬಗ್ಗದಿದ್ದರೆ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ಹೊಸಪೇಟೆಯ ಲಾಡ್ಜಿನ ಮೇಲಿನ ದೂರನ್ನು ನೀನು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ಎರಡು ವರ್ಷದೊಳಗೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ರಿಮೋಟಿಗೆ ಸೆಲ್ ಇರಲಿಲ್ಲ ಅಂತ ಅಲ್ಲಿಗೆ ಹೋಗಬೇಡ ಮಾರಾಯ.

ಆ್ಯಪ್‌ನಲ್ಲಿ ಅಭಿಪ್ರಾಯ ಬರೆಯುವಾಗ ‘ವರ್ಸ್ಟ್ ಹೋಟೆಲ್’ ಅಂತ ಒಂದು ಸಾಲು ಗೀಚಿ ಸಿಟ್ಟು ತೀರಿಸಿಕೊಳ್ಳುವುದರಿಂದ ಯಾರಿಗೂ ಉಪಯೋಗವಿಲ್ಲ. ರೂಮಿನ ನಂಬರು, ಉಳಿದ ತಾರೀಖು, ಇದ್ದ ಕೊರತೆ, ಕೇಳಿದಾಗ ಅವರು ಏನು ಮಾಡಿದರು, ಇಷ್ಟನ್ನು ಬರೆ. ಬೇರೆ ರೂಮು ಕೊಟ್ಟಿದ್ದರೆ, ರೂಮ್ ಬಾಯ್ ಓಡಾಡಿ ಸರಿ ಮಾಡಿಕೊಟ್ಟಿದ್ದರೆ ಅದನ್ನೂ ಮರೆಯದೆ ಸೇರಿಸು. ನಾಳೆ ಅದೇ ಊರಿಗೆ ಮಕ್ಕಳು ಮರಿ ಕಟ್ಟಿಕೊಂಡು ಬರುವವರು ಓದುವುದು ಅದನ್ನೇ.