ಪೂರ್ತಧರ್ಮವೂ ಗ್ರಾಮಸೇವೆಯೂ

ಧರ್ಮಶಾಸ್ತ್ರಕಾರರು ಗೃಹಸ್ಥನ ಸತ್ಕರ್ಮಗಳನ್ನು ಇಷ್ಟವೆಂದೂ ಪೂರ್ತವೆಂದೂ ಎರಡಾಗಿ ವಿಂಗಡಿಸಿರುತ್ತಾರೆ. ಅಗ್ನಿಮುಖದಲ್ಲಿ ನಡೆಯತಕ್ಕ ಹೋಮಯಜ್ಞಾದಿಗಳು ಇಷ್ಟ. ಬಾವಿ ತೋಡಿಸುವುದು, ಕೆರೆ ಕಟ್ಟಿಸುವುದು, ಮರ ನೆಟ್ಟು ತೋಪು ಬೆಳೆಸುವುದು, ಹಸಿದವರಿಗೆ ಅನ್ನವಿಕ್ಕುವುದು, ದೇವಾಲಯವನ್ನು ನಿರ್ಮಿಸುವುದು ಇವೆಲ್ಲವೂ ಪೂರ್ತ. ಇಷ್ಟಕರ್ಮಕ್ಕೆ ಅಧಿಕಾರಿಭೇದವುಂಟು, ಪೂರ್ತಕ್ಕೆ ಎಲ್ಲರೂ ಅಧಿಕಾರಿಗಳು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶಾಸ್ತ್ರವು ದೇವಾಲಯವನ್ನು ಬೇರೆ ಪೀಠದ ಮೇಲೆ ಕುಳ್ಳಿರಿಸದೆ, ಬಾವಿ ಕೆರೆಗಳ ಪಂಕ್ತಿಯಲ್ಲಿಯೇ ಸೇರಿಸಿದೆ. ಆದುದರಿಂದ ಊರೊಂದು ತನ್ನ ದೇವಸ್ಥಾನದ ಜೀರ್ಣೋದ್ಧಾರವನ್ನು ಮುಗಿಸಿತೆಂದರೆ ಪೂರ್ತಧರ್ಮದ ಒಂದು ಪಾಲು ಸಂದಂತಾಯಿತು. ಉಳಿದ ಪಾಲುಗಳು ಪ್ರಾಕಾರದ ಹೊರಗೆ ಕಾದಿರುತ್ತವೆ.

ಜೀರ್ಣೋದ್ಧಾರವು ಹಣದಿಂದ ಮಾತ್ರ ಸಾಗತಕ್ಕ ಕಾರ್ಯವಲ್ಲವೆಂಬುದು ಅದನ್ನು ಕಣ್ಣಾರೆ ಕಂಡವರಿಗೆಲ್ಲ ತಿಳಿದುದೇ. ಹಳೆಯ ಮಾಡನ್ನಿಳಿಸುವಾಗ ಹಂಚು ಹೊತ್ತವರು, ಪಾಯಕ್ಕೆ ಕಲ್ಲು ತಂದಿಟ್ಟವರು, ಚಪ್ಪರಕ್ಕೆ ಮಡಲು ಹೆಣೆದ ಹೆಂಗಸರು, ಹೊರೆಕಾಣಿಕೆಯ ಬಾಳೆಗೊನೆ ಕುಂಬಳಕಾಯಿಗಳನ್ನು ಎಣಿಸಿ ಉಗ್ರಾಣಕ್ಕೆ ಸೇರಿಸಿದವರು, ಪಂಕ್ತಿ ಎದ್ದ ಬಳಿಕ ಎಂಜಲೆಲೆ ತೆಗೆದವರು, ಇವರ ಬಲದಿಂದಲೇ ಬ್ರಹ್ಮಕಲಶ ನೆರವೇರುತ್ತದೆ. 2025ರ ಮಾರ್ಚ್ ಅಂತ್ಯದಲ್ಲಿ ಆರಂಭವಾಗಿ ಏಪ್ರಿಲ್ ಮೊದಲ ವಾರದವರೆಗೆ ಮಧೂರಿನ ಶ್ರೀ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವವೂ, 1992ರ ತರುವಾಯ ಮೊದಲ ಬಾರಿಗೆ ಮೂಡಪ್ಪ ಸೇವೆಯೂ ಜರಗಿದಾಗ, ಆ ಮಹಾಕಾರ್ಯವನ್ನು ಎತ್ತಿ ನಿಲ್ಲಿಸಿದುದು ಗ್ರಾಮಗ್ರಾಮಗಳಿಂದ ಬಂದ ಸ್ವಯಂಸೇವಕರ ಹೆಗಲು. ನೂರು ರೂಪಾಯಿ ಕೊಟ್ಟವನ ಹೆಸರು ರಶೀದಿಯಲ್ಲಿ ಬರುತ್ತದೆ. ಹದಿನೈದು ದಿವಸ ಉಗ್ರಾಣದಲ್ಲಿ ನಿಂತು ದುಡಿದವನಿಗೆ ಜಮಾಖರ್ಚಿನ ಪುಸ್ತಕದಲ್ಲಿ ಒಂದು ಕಲಮೂ ಇಲ್ಲ. ಇದನ್ನು ಲೆಕ್ಕ ಬರೆಯುವವರ ದೋಷವೆನ್ನಲಾಗದು. ದುಡಿತವನ್ನು ರೂಪಾಯಿಗೆ ಇಳಿಸಿದೊಡನೆ ಅದು ಕೂಲಿಯಾಗಿಬಿಡುತ್ತದೆ. ಹಾಗಿದ್ದರೂ ಊರಿನ ಮೂಲಧನದಲ್ಲಿ ಅತಿ ದೊಡ್ಡ ಬಾಬು ಈ ಬರೆಯದ ದುಡಿತವೇ ಆಗಿದೆ. ಉತ್ಸವದ ಮಂಗಳವಾದ ಮರುದಿನ ಬಾಡಿಗೆಯ ಪಾತ್ರೆಗಳೊಡನೆ ಆ ಮೂಲಧನವೂ ಚದುರಿ ಹೋಗುವುದೋ, ಊರಿನಲ್ಲಿ ಉಳಿಯುವುದೋ ಎಂಬುದೇ ವಿಚಾರಮಾಡತಕ್ಕ ಪ್ರಶ್ನೆ.

ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕಾಸರಗೋಡಿನ ತೋಡುಗಳಲ್ಲಿಯೇ ಅದು ಇದೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ. ನದಿಗಳು 12 ಇವೆ. ಆದರೂ ಫೆಬ್ರವರಿ ಮಾರ್ಚ್ ಬಂತೆಂದರೆ ಬಾವಿಗಳ ತಳ ಕಾಣುತ್ತದೆ. ಕಾರಣವು ಸ್ಪಷ್ಟ. ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ; ಮುರಕಲ್ಲಿನ ಗುಡ್ಡಗಳಿಂದಿಳಿದ ನೀರಿಗೆ ಸಮುದ್ರ ದೂರವಿಲ್ಲ. ಹಿರಿಯರು ಇದಕ್ಕೆ ಎರಡು ಉಪಾಯ ಕಂಡುಕೊಂಡರು. ಒಂದು ಗುಡ್ಡವನ್ನು ಅಡ್ಡಲಾಗಿ ಕೊರೆದು ಒಸರುವ ನೀರನ್ನು ಅಂಗಳಕ್ಕೆ ತರುವ ಸುರಂಗ. ಇದನ್ನು ಒಂದು ಮನೆಯವರೇ ಸಾಧಿಸಬಹುದು. ಇನ್ನೊಂದು ಕಟ್ಟ. ಅದು ಒಬ್ಬಿಬ್ಬರಿಂದ ಆಗತಕ್ಕದ್ದಲ್ಲ.

ದೀಪಾವಳಿ ಕಳೆದು ತೋಡಿನ ಹರಿವು ತಗ್ಗಿದ ಮೇಲೆ ಇಕ್ಕೆಲದ ತೋಟದವರು ಕೂಡಿ ಕಲ್ಲು, ಮಣ್ಣು, ಅಡಕೆಮರದ ತುಂಡುಗಳನ್ನು ಅಡ್ಡಹಾಕಿ ನೀರನ್ನು ನಿಲ್ಲಿಸುತ್ತಾರೆ. ಈಚೆಗೆ ಪ್ಲಾಸ್ಟಿಕ್ ಹಾಳೆಯನ್ನೂ ಮರಳಿನ ಚೀಲಗಳನ್ನೂ ಉಪಯೋಗಿಸುವುದುಂಟು. ನಿಂತ ನೀರು ಎರಡೂ ದಡಗಳೊಳಗೆ ಇಂಗಿ ಸುತ್ತಲಿನ ಬಾವಿಗಳನ್ನು ಎತ್ತರಿಸುತ್ತದೆ. ಇಂಗಿದುದರಲ್ಲಿ ಒಂದಂಶ ಕೆಳಗಡೆ ಮತ್ತೆ ಒಸರಿ ಕೆಳಗಿನ ಕಟ್ಟವನ್ನು ತುಂಬುತ್ತದೆ. ಆದಕಾರಣ ಒಂದೇ ತೋಡಿನಲ್ಲಿ ಸಾಲಾಗಿ ಹಲವು ಕಟ್ಟಗಳಿದ್ದರೆ ಫಲ ಹೆಚ್ಚು. ಕುಂಬ್ಡಾಜೆ ಪಂಚಾಯತಿನ ಏತಡ್ಕದ ಕೃಷಿಕರು ಇಂಥ ಕಟ್ಟಗಳ ಸಾಲಿನಿಂದ ಹೆಸರಾಗಿದ್ದಾರೆ. ಮಳೆಗಾಲದ ಮೊದಲ ನೆರೆಗೆ ಕಟ್ಟ ಕೊಚ್ಚಿಹೋಗುತ್ತದೆ. ಮುಂದಿನ ವರ್ಷ ಪುನಃ ಕಟ್ಟಬೇಕು. ಇದನ್ನು ಕೊರತೆಯೆಂದು ತಿಳಿದವರುಂಟು. ವಿಚಾರಿಸಿದರೆ ಇದೇ ಅದರ ದೊಡ್ಡ ಗುಣ. ವರ್ಷಕ್ಕೊಮ್ಮೆ ನೆರೆಯವರು ಒಂದೇ ತೋಡಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಲ್ಲುವಂತೆ ಅದು ಮಾಡುತ್ತದೆ. ಗಡಿಜಗಳ ಕೋರ್ಟಿಗೆ ಹೋಗಿದ್ದವರೂ ಕಲ್ಲನ್ನು ಕೈಯಿಂದ ಕೈಗೆ ದಾಟಿಸಬೇಕಾಗುತ್ತದೆ.

ಪಂಪುಸೆಟ್ಟುಗಳು ಬಂದು, ತರುವಾಯ ಕೊಳವೆಬಾವಿಗಳು ಬಂದಾಗ ಅನೇಕ ತೋಡುಗಳಲ್ಲಿ ಕಟ್ಟಗಳು ನಿಂತುಹೋದುವು. ಕೊಳವೆಬಾವಿಗೆ ನೆರೆಯವನ ಅಗತ್ಯವಿಲ್ಲ; ಹಣವಿದ್ದರೆ ಸಾಕು. ಒಬ್ಬನು 300 ಅಡಿ ಕೊರೆದರೆ ಪಕ್ಕದವನು 400 ಅಡಿ ಕೊರೆಯುತ್ತಾನೆ. ಇಬ್ಬರೂ ಸೇರಿ ಬಡವನ ತೆರೆದ ಬಾವಿಯನ್ನು ಒಣಗಿಸುತ್ತಾರೆ. ಕಟ್ಟದ ರೀತಿ ಬೇರೆ. ಕಲ್ಲು ಹೊತ್ತವನ ಬಾವಿಗೂ, ಮನೆಯಲ್ಲಿ ಮಲಗಿದ್ದವನ ಬಾವಿಗೂ ನೀರು ಒಂದೇ ಪ್ರಕಾರ ಏರುತ್ತದೆ. ನೀರಿಗೆ ರಶೀದಿ ನೋಡುವ ಅಭ್ಯಾಸವಿಲ್ಲ. ಮಲಗಿದ್ದವನಿಗೇಕೆ ಲಾಭವೆಂದು ಕೇಳುವವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಅವನಿಗೆ ಲಾಭವಾಗಬಾರದೆಂದು ಕಟ್ಟವನ್ನು ಬಿಟ್ಟರೆ ಕಲ್ಲು ಹೊರತಕ್ಕವನ ಬಾವಿಯೂ ಬತ್ತುತ್ತದೆ ಎಂಬುದನ್ನು ಅವರು ಮರೆಯುತ್ತಾರೆ.

ಕೂಡಿ ಮಾಡುವ ಸೇವೆಯ ಮಾತು ಇದಾಯಿತು. ಒಬ್ಬನೇ ಆರಂಭಿಸಿದ ಸೇವೆಗೂ ಈ ನೆಲದಲ್ಲಿ ಉದಾಹರಣೆಯಿದೆ. ಬದಿಯಡ್ಕದ ಸಮೀಪದ ಕಿಳಿಂಗಾರಿನ ಸಾಯಿರಾಂ ಗೋಪಾಲಕೃಷ್ಣ ಭಟ್ಟರ ಹೆಸರನ್ನು ಕೇಳದವರು ಜಿಲ್ಲೆಯಲ್ಲಿ ವಿರಳ. ಕೃಷಿಕರೂ ನಾಟಿವೈದ್ಯರೂ ಆಗಿದ್ದ ಅವರು ಕಾಶೀಯಾತ್ರೆಗೆಂದು ಹಣವನ್ನು ಕೂಡಿಸಿಟ್ಟಿದ್ದರು. 1995ರಲ್ಲಿ ನೆರೆಯ ಬಡ ಕುಟುಂಬವೊಂದರ ಗುಡಿಸಲು ಮಳೆಗೆ ಹಾಳಾಯಿತು. ಭಟ್ಟರು ಯಾತ್ರೆಯ ಹಣದಿಂದ ಆ ಕುಟುಂಬಕ್ಕೆ ಮನೆ ಕಟ್ಟಿಸಿಕೊಟ್ಟರು. ಮನೆಯವರು ಅನ್ಯಮತೀಯರು. ಅಲ್ಲಿಂದ ಮುಂದೆ 2022ರ ಜನವರಿಯಲ್ಲಿ ದಿವಂಗತರಾಗುವ ತನಕ ಅವರಿಂದ ಮನೆ ಪಡೆದ ಕುಟುಂಬಗಳ ಸಂಖ್ಯೆ 250ನ್ನು ಮೀರಿತು. ಕುಡಿಯುವ ನೀರಿನ ವ್ಯವಸ್ಥೆ, ಜೀವನೋಪಾಯಕ್ಕಾಗಿ ಹೊಲಿಗೆಯಂತ್ರ, ಉಚಿತ ವೈದ್ಯಕೀಯ ಶಿಬಿರ ಇತ್ಯಾದಿಗಳೂ ಅವರ ಕೈಯಿಂದ ನಡೆದುವು. ಮನೆ ಕೊಡುವಲ್ಲಿ ಜಾತಿ ಮತಗಳ ವಿಚಾರಣೆ ಇರಲಿಲ್ಲ.

ಕಾಶೀಯಾತ್ರೆ ಹಿಂದೂ ಗೃಹಸ್ಥನಿಗೆ ಸಣ್ಣ ಆಸೆಯಲ್ಲ. ಅದಕ್ಕಾಗಿ ಕೂಡಿಸಿದ ಹಣ ಒಂದು ಬಗೆಯಲ್ಲಿ ದೇವರ ಹಣವೇ. ಅದನ್ನು ಬೇರೆಡೆಗೆ ತಿರುಗಿಸುವುದು ಯುಕ್ತವೇ ಎಂಬ ಶಂಕೆ ಶ್ರದ್ಧಾವಂತರಲ್ಲಿ ಏಳುವುದು ಸಹಜ. ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ದಾನವನ್ನು ಮೂರಾಗಿ ವಿಭಾಗಿಸಿದೆಯಷ್ಟೆ. ತಕ್ಕ ದೇಶದಲ್ಲಿ, ತಕ್ಕ ಕಾಲದಲ್ಲಿ, ಪ್ರತಿಯಾಗಿ ಏನನ್ನೂ ಮಾಡಲಾರದ ಪಾತ್ರನಿಗೆ, ಕೊಡಬೇಕಾದುದೆಂಬ ಒಂದೇ ಬುದ್ಧಿಯಿಂದ ಕೊಟ್ಟುದು ಸಾತ್ತ್ವಿಕ. ಪ್ರತಿಫಲದ ಎಣಿಕೆಯಿಂದ, ಮನಸ್ಸಿನಲ್ಲಿ ಕೊರಗಿಕೊಂಡು ಕೊಟ್ಟುದು ರಾಜಸ. ತಿರಸ್ಕಾರದಿಂದ ಎಸೆದುದು ತಾಮಸ. ಸುರಿಯುವ ಮಳೆಯೇ ತಕ್ಕ ಕಾಲ, ಬಿದ್ದ ಗುಡಿಸಲೇ ತಕ್ಕ ದೇಶವೆಂದು ಕಿಳಿಂಗಾರಿನ ಭಟ್ಟರು ತಿಳಿದರೆಂದು ಹೇಳಿದರೆ ಶಂಕೆಗೆ ಸಮಾಧಾನ ದೊರೆಯುವುದು.

ಸೇವೆಯೆಂದರೆ ಎಲ್ಲರೂ ಹೊಗಳುವ ಕೆಲಸವೆಂದು ಬಗೆಯುವುದು ಮಾತ್ರ ಸರಿಯಲ್ಲ. ಹೊಗಳಿಕೆಯ ಬದಲಿಗೆ ಬಹಿಷ್ಕಾರವನ್ನುಂಡ ಸೇವಕನೊಬ್ಬನೂ ಇದೇ ಕಾಸರಗೋಡಿನಲ್ಲಿ ಜನಿಸಿದನು. ಕುದ್ಮುಲ್ ರಂಗರಾಯರು 1859ರಲ್ಲಿ ಇಲ್ಲಿಯ ಸಾರಸ್ವತ ಕುಟುಂಬದಲ್ಲಿ ಹುಟ್ಟಿ, ಮಂಗಳೂರಿಗೆ ಹೋಗಿ, ಮೊದಲು ಉಪಾಧ್ಯಾಯರಾಗಿಯೂ ಮತ್ತೆ ವಕೀಲರಾಗಿಯೂ ನೆಲೆಸಿದರು. ವಕೀಲಿಯಲ್ಲಿ ಸುಖವಾಗಿ ಇರಬಹುದಾಗಿತ್ತು. ಅವರು ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹಸಿದ ಮಗುವಿಗೆ ಅಕ್ಷರ ಹತ್ತದೆಂದು ಬಲ್ಲ ಅವರು ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನೂ ಕೊಡಿಸಿದರು. ಸ್ವಜಾತಿಯವರು ಅವರನ್ನು ದೂರವಿಟ್ಟರು. ಅವರ ಸೇವೆ ನಿಲ್ಲಲಿಲ್ಲ. 1928ರ ಜನವರಿ 30ರಂದು ಅವರು ತೀರಿಕೊಂಡರು. ತಾನು ಯಾರಿಗಾಗಿ ದುಡಿದೆನೋ ಅವರೇ ತನ್ನ ಅಂತ್ಯಕ್ರಿಯೆಯನ್ನು ನಡೆಸಬೇಕೆಂಬುದು ಅವರ ಇಚ್ಛೆಯಾಗಿತ್ತು. ಮಂಗಳೂರಿನ ಪುರಭವನ ಇಂದು ಅವರ ಹೆಸರನ್ನು ಧರಿಸಿದೆ. ದಕ್ಷಿಣ ಕನ್ನಡದ ಅಂಗವಾಗಿ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಸರಗೋಡಿನ ದೇವಾಲಯಗಳ ಬಾಗಿಲು ಎಲ್ಲ ಹಿಂದೂಗಳಿಗೂ ಕಾನೂನಿನ ಪ್ರಕಾರ ತೆರೆದುದು 1947ರ ದೇವಾಲಯ ಪ್ರವೇಶ ಶಾಸನದಿಂದ. ರಾಯರ ಮಿಷನ್ ಹುಟ್ಟಿ ಆ ವೇಳೆಗೆ 50 ವರ್ಷಗಳಾಗಿದ್ದುವು. ಇಂದು ಹೊರೆಕಾಣಿಕೆಯ ಮೆರವಣಿಗೆಯಲ್ಲಿ ಎಲ್ಲರೂ ಕೂಡಿ ನಡೆಯುವಾಗ, ಆ ಹಾದಿಯನ್ನು ಮೊದಲು ಸವೆಸಿದವರಾರೆಂಬ ನೆನಪು ಮಕ್ಕಳಿಗೆ ಇರುವುದು ಉಚಿತ.

ಸೇವೆಗೆ ಹಣವೋ ತೋಳ್ಬಲವೋ ಇದ್ದೇ ತೀರಬೇಕೆಂದಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾಕ್ಟರ್ ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ವಿಲಕ್ಷಣವಾದ ರೋಗಗಳು ಹೆಚ್ಚುತ್ತಿರುವುದನ್ನು ಗಮನಿಸಿ, ಬರೆದಿಟ್ಟು, ಸಂಬಂಧಪಟ್ಟವರ ಗಮನಕ್ಕೆ ತಂದರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಲೋಕಕ್ಕೆ ತಿಳಿಸಿದರು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದವರೆಗೂ ನಡೆದಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಒಂದು ನೋಟ್‌ಬುಕ್ಕನ್ನು ತಪ್ಪದೆ ಬರೆಯುವುದು ಸಹ ಎಷ್ಟು ದೊಡ್ಡ ಸೇವೆಯಾಗಬಲ್ಲುದೆಂಬುದಕ್ಕೆ ಇದು ನಿದರ್ಶನ. ಪ್ರತಿಯೊಬ್ಬನೂ ತನ್ನ ಕಸುಬಿನ ಜಾಣ್ಮೆಯನ್ನೇ ಸೇವೆಗೆ ತರಬಹುದು. 2018ರ ಆಗಸ್ಟಿನ ಮಹಾಪ್ರವಾಹದಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಲ್ಲಿ ಹೇರಿಕೊಂಡು ಒಳನಾಡಿಗೆ ಹೋಗಿ ಜನರನ್ನು ರಕ್ಷಿಸಿದುದು ಎಲ್ಲರಿಗೂ ನೆನಪಿದೆ.

ಇನ್ನು ಸೇವೆ ಮಾಡುವವನಿಗೆ ಪ್ರಯೋಜನವೇನು? ಪುಣ್ಯದ ಮಾತನ್ನು ಪುರೋಹಿತರಿಗೆ ಬಿಟ್ಟರೂ ಐಹಿಕ ಲಾಭಗಳು ಕಡಿಮೆಯಲ್ಲ. ಚಪ್ಪರದಡಿಯಲ್ಲಿ ಜತೆಯಾಗಿ ದುಡಿದ ತರುಣರಿಗೆ ಊರಿನ ಮನೆಗಳ ಪರಿಚಯವಾಗುತ್ತದೆ. ಸಾವಿರ ಜನರ ಊಟವನ್ನು ಸಾಗಿಸಿದವನಿಗೆ ಕಾರ್ಯನಿರ್ವಹಣೆ ಬರುತ್ತದೆ. ಪಿಂಚಣಿ ಪಡೆದು ಜಗಲಿಯಲ್ಲಿ ಕುಳಿತ ವೃದ್ಧನಿಗೆ ತಾನು ಬೇಕಾದವನೆಂಬ ಭಾವನೆ ಮರಳುತ್ತದೆ. ಕನ್ನಡ, ಮಲಯಾಳ, ತುಳು ಎಂಬ ಭೇದಗಳೂ ಅಲ್ಲಿ ಉಳಿಯುವುದಿಲ್ಲ. ಕಟ್ಟದ ಕಲ್ಲನ್ನು ಯಾವ ಭಾಷೆಯಲ್ಲಿ ಕೂಗಿ ಕೇಳಿದರೂ ಮುಂದಿನವನು ದಾಟಿಸುತ್ತಾನೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಉಪಾಧ್ಯಾಯರೂ ಕೃಷಿಕರೂ ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದವರು; ತಮ್ಮ ಆತ್ಮಕಥನಕ್ಕೆ ಅವರು ಇಟ್ಟ ಹೆಸರು ‘ದುಡಿತವೇ ನನ್ನ ದೇವರು’ ಎಂದು.

ಸೇವೆಯಲ್ಲಿ ನುಸುಳುವ ದೋಷಗಳನ್ನೂ ಮುಚ್ಚಿಡತಕ್ಕದ್ದಲ್ಲ. ಫೋಟೋ ತೆಗೆಯುವ ತನಕ ಮಾತ್ರ ಹಾರೆ ಹಿಡಿಯುವವರುಂಟು. ಎಲ್ಲ ಕಾರ್ಯಗಳೂ ಅದೇ ನಾಲ್ಕು ಮಂದಿಯ ತಲೆಗೆ ಬಂದು ಅವರು ಬಳಲಿ ಬಿಡುವುದುಂಟು. ತರಕಾರಿ ಹೆಚ್ಚುವ, ಪಾತ್ರೆ ತೊಳೆಯುವ ಹೆಂಗಸರಿಗೆ ಸಮಿತಿಯ ಸಭೆಯಲ್ಲಿ ಸ್ಥಾನವಿಲ್ಲದಿರುವುದು ಬಹಳ ಕಡೆ ಕಂಡುಬರುವ ಅನ್ಯಾಯ. ಲೆಕ್ಕವನ್ನು ಕಾಲಕ್ಕೆ ಸರಿಯಾಗಿ ಮಂಡಿಸದಿದ್ದರೆ ಎಂಥ ಒಳ್ಳೆಯ ಕಾರ್ಯಕ್ಕೂ ಸಂಶಯದ ಗೆದ್ದಲು ಹಿಡಿಯುತ್ತದೆ. ಹತ್ತು ರೂಪಾಯಿಯ ಲೆಕ್ಕವನ್ನಾದರೂ ಎಲ್ಲರ ಮುಂದೆ ಓದಿದರೆ ಮುಂದಿನ ವರ್ಷ ಕರೆಯದೆಯೇ ಜನ ಬರುತ್ತಾರೆ.

ಬ್ರಹ್ಮಕಲಶವಾಗಿ 48ನೆಯ ದಿನ ದೃಢಕಲಶಕ್ಕೆ ಊರವರು ಮತ್ತೊಮ್ಮೆ ಕೂಡುವ ಪದ್ಧತಿಯಿದೆ. ಉತ್ಸವದ ಗದ್ದಲವಿಲ್ಲದ, ಆದರೆ ಸೇವೆಯ ಬಿಸಿ ಇನ್ನೂ ಆರಿರದ ಆ ದಿನ ಮುಂದಿನ ಏರ್ಪಾಡಿಗೆ ಅತ್ಯಂತ ಯೋಗ್ಯವಾದುದು. ಪ್ರಸಾದ ಭೋಜನದ ಬಳಿಕ ಒಂದು ಗಂಟೆ ಕುಳಿತು ಎರಡು ಪಟ್ಟಿಗಳನ್ನು ಬರೆಯಬಹುದು. ಹಾಸಿಗೆ ಹಿಡಿದವರಿರುವ ಮನೆಗಳು ಯಾವುವು, ಯಾವ ವಾರ ಯಾರು ಅಲ್ಲಿಗೆ ಹೋಗತಕ್ಕವರು ಎಂಬುದು ಒಂದು. ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾಗಿ, 2008ರಲ್ಲಿ ಸರಕಾರದ ನೀತಿಯಾಗಿ ಅಂಗೀಕೃತವಾದ ಸಾಂತ್ವನ ಚಿಕಿತ್ಸೆಯ ವ್ಯವಸ್ಥೆಯಲ್ಲಿ ದಾದಿಯರೊಡನೆ ಹೋಗುವ ಸ್ವಯಂಸೇವಕರಿಗೆ ಸದಾ ಅವಕಾಶವಿದೆ. ರೋಗಿಯ ಬಳಿ ಎರಡು ಗಂಟೆ ಕುಳಿತರೆ, ಅಷ್ಟು ಹೊತ್ತು ಅವನ ಹೆಂಡತಿಯೋ ಮಗಳೋ ನಿದ್ದೆಮಾಡಬಹುದು. ಎರಡನೆಯದು ಊರಿನ ತೋಡಿನಲ್ಲಿ ಹಿಂದೆ ಕಟ್ಟಗಳಿದ್ದ ಜಾಗಗಳ ಪಟ್ಟಿ. ಅವು ವೃದ್ಧರಿಗೆ ಗೊತ್ತಿವೆ; ಕೇಳಿ ಬರೆದುಕೊಳ್ಳಬೇಕಷ್ಟೆ. ಹಳೆಯ ಕಟ್ಟದ ಕಲ್ಲುಗಳೂ ಬಹುತೇಕ ಅಲ್ಲೇ ಕೆಳಗೆ, ನೀರು ಉರುಳಿಸಿದ ಜಾಗದಲ್ಲಿ ಬಿದ್ದಿರುತ್ತವೆ.